ಹಕಾರದ ಕೊಂಬು

ಅವತ್ತಿನ ರಾದ್ಧಾಂತಕ್ಕೆಲ್ಲ ಕಾರಣ ಒಂದು ಕೊಂಬು. ಎಮ್ಮೆಯ ಕೊಂಬಲ್ಲ, ಅಕ್ಷರದ ಕೊಂಬು. ಒಂದನೇ ತರಗತಿಯಲ್ಲಿ ಕೈಕಟ್ಟಿ ನಿಂತು ‘ಕಕಾರ ಕೊಂಬು ಕು’ ಎಂದು ರಾಗವಾಗಿ ಹೇಳುತ್ತಿದ್ದೆವಲ್ಲ, ಅದೇ. ಅಕ್ಷರದ ಬಲಗಡೆ ಸುರುಳಿ ಸುತ್ತಿಕೊಂಡು ತನ್ನ ಪಾಡಿಗೆ ತಾನು ಕೂತಿರುತ್ತದೆ. ಇರಬೇಕಾದ ಕಡೆ ಇದ್ದರೆ ಯಾರೂ ಅದರತ್ತ ತಿರುಗಿಯೂ ನೋಡುವುದಿಲ್ಲ. ಇರಬಾರದ ಕಡೆ ಬಂದು ಕೂತರೆ ಮಾತ್ರ ದೇವರೇ ಗತಿ.

ಈ ಕೊಂಬಿನ ಕೈಗೆ ಸಿಕ್ಕಿಬಿದ್ದವನು ಒಬ್ಬ ಡಿಸೈನರ್. ಯಾವ ಕಂಪನಿಗೂ ಸೇರದೆ, ಮುಂಗೋಣೆಯ ಕಿಟಕಿ ಪಕ್ಕ ಕಂಪ್ಯೂಟರ್ ಇಟ್ಟುಕೊಂಡು ಬೋರ್ಡು, ಲೋಗೋ, ಕರಪತ್ರ ಅಂತ ಬಂದ ಕೆಲಸ ಮಾಡಿಕೊಡುವವನು. ಅವನಿರುವ ಕಟ್ಟಡದಲ್ಲಿ ಎಂಟು ಮನೆ. ಉಳಿದ ಏಳು ಮನೆಯವರಿಗೆ ಅವನ ಹೆಸರು ಬೇಕಾಗಿಯೇ ಇರಲಿಲ್ಲ. ‘ಮನೇಲಿರೋರು’ ಅಂದರೆ ಮುಗಿಯಿತು. ಪಾರ್ಸೆಲ್ ಬಂದರೆ ‘ಮನೇಲಿರೋರ ಹತ್ರ ಕೊಡಿ.’ ಬೀಗದ ಕೈ ‘ಮನೇಲಿರೋರ ಹತ್ರ ಇದೆ.’ ನಲ್ಲಿ ರಿಪೇರಿಯವನು ಬಂದರೆ ‘ಮನೇಲಿರೋರು ನೋಡ್ಕೋತಾರೆ.’ ಅವನು ಮನೆಯಲ್ಲಿ ಕೂತು ಏನು ಮಾಡುತ್ತಾನೆ ಎಂದು ಯಾರೂ ಕೇಳಿರಲಿಲ್ಲ. ಏನೂ ಮಾಡುವುದಿಲ್ಲ ಎಂದು ಎಲ್ಲರೂ ತಿಳಿದುಕೊಂಡಿದ್ದರು.

ಹಾಗೆ ತಿಳಿದವರಲ್ಲಿ ಮೊದಲನೆಯವರು ಅವನ ಮಾವ, ಅಂದರೆ ಹೆಂಡತಿಯ ಅಪ್ಪ. ಅವರದು ತೋಟದ ಸಾಮಾನಿನ ವ್ಯಾಪಾರ. ಕುಂಡ, ಗೊಬ್ಬರ, ನೀರಿನ ಪೈಪು ಇತ್ಯಾದಿ. ಅವರ ಅಂಗಡಿಯ ಮೂಲೆಯಲ್ಲಿ ಒಂದು ಖಾಲಿ ಕುರ್ಚಿಯಿತ್ತು. ಅಳಿಯ ಬಂದು ಅದರಲ್ಲಿ ಕೂತು, ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ ಬಂದ ಸಾಮಾನು ಹೋದ ಸಾಮಾನು ಪಟ್ಟಿ ಬರೆಯಬೇಕೆಂದು ಮಾವನ ಆಸೆ. ಡಿಸೈನರ್ ಒಮ್ಮೆ ಆ ಕುರ್ಚಿಯಲ್ಲಿ ಅರ್ಧ ಗಂಟೆ ಕೂತಿದ್ದ. ಅಲುಗಾಡಿದರೆ ಸಾಕು, ‘ಕಿರ್ರ್’ ಅನ್ನುತ್ತಿತ್ತು. ‘ಕಿರ್ರ್’ ಅಂದಾಗಲೆಲ್ಲ ಮಾವ ತಲೆಯೆತ್ತಿ ನೋಡುತ್ತಿದ್ದರು. ಆ ಸದ್ದು ಈಗಲೂ ಅವನ ಕನಸಿನಲ್ಲಿ ಬರುತ್ತಿತ್ತು.

“ಅಳಿಯಂದ್ರೇ, ಎಲ್ರೂ ಬೆಳಿಗ್ಗೆ ಎದ್ದು ಕೆಲ್ಸಕ್ಕೆ ಹೋಗ್ತಾರೆ. ಮನೇಲೇ ಕೂತ್ಕೊಳ್ಳೋಕೆ ನಿಮಗೇನು ಎರಡು ಕೊಂಬಿದೆಯಾ?” ಎಂದು ಮಾವ ವಾರಕ್ಕೊಮ್ಮೆಯಾದರೂ ಕೇಳುವರು. ಕೊನೆಗೆ ಹೋದ ತಿಂಗಳು ಒಂದು ಒಪ್ಪಂದವಾಯಿತು. ನಾಲ್ಕು ಜನ ಓಡಾಡುವ ರಸ್ತೆಯಲ್ಲಿ ಅಳಿಯ ಮಾಡಿದ ಒಂದೇ ಒಂದು ಕೆಲಸ ಕಣ್ಣಿಗೆ ಕಾಣಬೇಕು, ನೋಡಿದವರು ಭೇಷ್ ಅನ್ನಬೇಕು. ಹಾಗಾದರೆ ಮಾವ ಇನ್ನು ಜನ್ಮದಲ್ಲಿ ಕುರ್ಚಿಯ ಮಾತೆತ್ತುವುದಿಲ್ಲ. ಇಲ್ಲದಿದ್ದರೆ ಅಳಿಯ ಬಾಯಿ ಮುಚ್ಚಿಕೊಂಡು ಕುರ್ಚಿಗೆ ಬರಬೇಕು.

ಆ ಒಂದು ಕೆಲಸ ಸಿಕ್ಕಿತ್ತು. ಹೊಸ ಕಟ್ಟಡವೊಂದರಲ್ಲಿ ದವಾಖಾನೆ ತೆರೆಯುತ್ತಿದ್ದ ಹಲ್ಲಿನ ಡಾಕ್ಟರಿಗೆ ಬೋರ್ಡು. ‘ಹಲ್ಲು ನಿಮ್ಮದು, ಹೊಣೆ ನಮ್ಮದು’ ಎಂಬ ಬರಹ, ಪಕ್ಕದಲ್ಲಿ ನಗುವ ಒಂದು ಹಲ್ಲಿನ ಚಿತ್ರ. ಡಾಕ್ಟರು ಒಳ್ಳೆಯವರೇ. ಆದರೆ ದಿನಾ ಫೋನ್ ಮಾಡಿ, “ಒಂದು ಸಣ್ಣ ಬದಲಾವಣೆ ಇದೆ, ನಿಮಗೆ ಐದು ನಿಮಿಷದ ಕೆಲ್ಸ” ಅನ್ನುವರು. ಆ ಐದು ನಿಮಿಷದ ಕೆಲಸ ಮೂರು ವಾರ ನಡೆದು, ಬೋರ್ಡು ಹದಿನಾಲ್ಕು ಅವತಾರ ಎತ್ತಿತ್ತು. ಕಂಪ್ಯೂಟರಿನಲ್ಲಿ ‘ಕೊನೆಯದು’, ‘ನಿಜವಾಗಲೂ ಕೊನೆಯದು’, ‘ಇದೇ ಕೊನೆ’, ‘ಆಣೆ ಮಾಡಿ ಕೊನೆ’ ಎಂದು ಫೈಲುಗಳು ಸಾಲಾಗಿ ಕೂತಿದ್ದವು. ಇವತ್ತು ಸಂಜೆ ಐದಕ್ಕೆ ಬೋರ್ಡಿನ ಕಾಗದ ತೆಗೆದು ಉದ್ಘಾಟನೆ. ಮಾವ ನೋಡಲು ಬರುವವರಿದ್ದರು.

“ಅಪ್ಪ ಹೇಗೂ ಐದಕ್ಕೆ ಅಲ್ಲೇ ಇರ್ತಾರೆ...” ಎಂದು ಕೆಲಸಕ್ಕೆ ಹೊರಟ ಹೆಂಡತಿ ಚಪ್ಪಲಿ ಹಾಕಿಕೊಳ್ಳುತ್ತಾ ಅಂದಳು.

“ಹೇಗೂ ಅಂದ್ರೆ?”

“ಅಂದ್ರೆ... ನಿಮ್ಮ ಬೋರ್ಡ್ ನೋಡೋಕೆ ಬಂದೇ ಬರ್ತಾರೆ ಅಂದೆ. ನನಗೆ ಹೊತ್ತಾಯ್ತು ರೀ” ಎಂದು ಅವಳು ಸರಸರನೆ ಮೆಟ್ಟಿಲಿಳಿದು ಹೋದಳು.

ಹನ್ನೊಂದು ಗಂಟೆಯ ಹೊತ್ತಿಗೆ ಎದುರುಮನೆಯ ಮೇಷ್ಟ್ರು ಬಂದರು. ನಲವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತರಾದವರು. ಈಗ ಬೆಳಗಿನ ವಾಕಿಂಗಿನಲ್ಲಿ ರಸ್ತೆಯ ಬೋರ್ಡುಗಳ ತಪ್ಪು ಹುಡುಕುವುದೇ ಅವರ ವ್ಯಾಯಾಮ. ತಪ್ಪು ಸಿಗದ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ. ಅವತ್ತು ಅವರ ಮುಖ ಅರಳಿತ್ತು.

“ಮನೇಲಿದ್ದೀಯೇನಪ್ಪಾ?”

“ಇನ್ನೆಲ್ಲಿರ್ತೀನಿ ಮೇಷ್ಟ್ರೇ, ಬನ್ನಿ.”

“ಅಲ್ಲಯ್ಯಾ, ಆ ಹೊಸ ಕಟ್ಟಡದ ಬೋರ್ಡು ನಿಂದೇ ತಾನೆ? ಬೋರ್ಡಿನವನ ಶೆಡ್ ಮುಂದೆ ಹೋಗ್ತಿದ್ದೆ. ಕಾಗದ ಸುತ್ತುತಾ ಇದ್ರು. ಆ ಹೊಸ ಕಟ್ಟಡಕ್ಕಾ ಅಂತ ಕೇಳ್ದೆ, ಹೌದು ಅಂದ್ರು. ಮೊದಲ್ನೇ ಪದ ಒಂದು ಕಾಣಿಸ್ತು ನೋಡು. ಹಕಾರಕ್ಕೆ ಕೊಂಬು ಯಾಕಪ್ಪಾ ಕೊಟ್ಟೆ?”

“ಹಕಾರಕ್ಕೆ ಕೊಂಬಾ?”

“ಕೊಂಬೇ! ‘ಹುಲ್ಲು’ ಅಂತಿದೆ, ಇಷ್ಟಿಷ್ಟುದ್ದ ಅಕ್ಷರ. ಹುಲ್ಲು ನಿಮ್ಮದು, ಹೊಣೆ ನಮ್ಮದು! ಆ ಡಾಕ್ಟರು ಹಲ್ಲು ಕೀಳ್ತಾರೋ, ಗದ್ದೇಲಿ ಕಳೆ ಕೀಳ್ತಾರೋ?” ಎಂದು ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಡಿಸೈನರ್ ನಗಲಿಲ್ಲ. ಯಾಕೆಂದರೆ ಒಂಬತ್ತನೇ ಅವತಾರದಲ್ಲಿ ಈ ತಪ್ಪು ನಿಜವಾಗಿಯೂ ಆಗಿತ್ತು. ‘ಹಲ್ಲು’ ಹೊಡೆಯಲು ಹೋಗಿ ಬೆರಳು ಪಕ್ಕಕ್ಕೆ ಜಾರಿ ‘ಹುಲ್ಲು’ ಆಗಿತ್ತು. ಆಮೇಲೆ ಸರಿಮಾಡಿದ್ದ. ಸರಿಮಾಡಿದ್ದು ಹೌದು, ಆದರೆ ಬೋರ್ಡಿನವನಿಗೆ ಕಳಿಸಿದ್ದು ಸರಿಮಾಡಿದ್ದನ್ನೋ, ಮಾಡದ್ದನ್ನೋ? ‘ಇದೇ ಕೊನೆ’ಯನ್ನೋ, ‘ಆಣೆ ಮಾಡಿ ಕೊನೆ’ಯನ್ನೋ?

ನೋಡೋಣವೆಂದು ಕಂಪ್ಯೂಟರಿನ ಗುಂಡಿ ಒತ್ತಿದ. ಕರೆಂಟು ಹತ್ತು ಗಂಟೆಗೇ ಹೋಗಿತ್ತು. ಫೋನಿನಲ್ಲಿ ಕಳಿಸಿದ ಫೈಲನ್ನೇ ತೆರೆದ. ಅಕ್ಷರದ ಬದಲು ಸಾಲಾಗಿ ಖಾಲಿ ಡಬ್ಬಿಗಳು ಕಂಡವು. ಬೋರ್ಡಿಗೆ ಬಳಸಿದ ಫಾಂಟು ಫೋನಿನಲ್ಲಿರಲಿಲ್ಲ. ಡಬ್ಬಿಗಳ ಪಕ್ಕದಲ್ಲಿ ಹಲ್ಲೊಂದು ಮಾತ್ರ ಅವನನ್ನು ನೋಡಿ ನಗುತ್ತಿತ್ತು.

ಬೋರ್ಡಿನವನಿಗೆ ಫೋನ್ ಮಾಡಿದ. ಆಚೆ ಕಡೆ ಗರಗಸದ ಸದ್ದು.

“ಅಣ್ಣಾ, ನನ್ನ ಬೋರ್ಡು ಒಂದ್ನಿಮಿಷ ನೋಡ್ಬೇಕಿತ್ತು!”

“ಆ ಕಟ್ಟಡದ್ದಾ? ಎರಡೂ ಆಗ್ಲೇ ಹೋಗಿ ಕಟ್ಟಿಯಾಯ್ತು ಸಾರ್!”

“ಅದರಲ್ಲಿ ಹಕಾರಕ್ಕೆ ಕೊಂಬಿದೆಯಾ?”

“ಏನಿದೆಯಾ?”

“ಕೊಂಬು, ಕೊಂಬು!”

“ನೋಡಿ ಸಾರ್, ನೀವು ಏನು ಕಳಿಸಿದ್ರೋ ಅದನ್ನೇ ಕತ್ತರಿಸಿದ್ದೀವಿ. ಕೊಂಬು ಕಳಿಸಿದ್ರೆ ಕೊಂಬು, ಬಾಲ ಕಳಿಸಿದ್ರೆ ಬಾಲ” ಎಂದು ಅವನು ಫೋನಿಟ್ಟ. ‘ಎರಡೂ’ ಅಂದಿದ್ದು ಡಿಸೈನರನ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಅಷ್ಟರಲ್ಲಿ ಡಾಕ್ಟರದೇ ಫೋನು ಬಂತು.

“ಬೋರ್ಡಿನ ವಿಷಯ ಮಾತಾಡ್ಬೇಕಿತ್ತು” ಎಂದರು ಡಾಕ್ಟರು ಗಂಭೀರವಾಗಿ.

“ಹೇಳಿ ಡಾಕ್ಟ್ರೇ. ತಪ್ಪಾಗಿದ್ರೆ...”

“ಆ ಹಲ್ಲು ನಗ್ತಿದೆಯಲ್ಲ, ಸ್ವಲ್ಪ ಜಾಸ್ತಿ ನಗ್ತಿದೆ ಅಂತ ನಮ್ಮನೆಯವರು ಅಂದ್ರು. ಹಲ್ಲು ನೋವಿರೋರಿಗೆ ಬೇಜಾರಾಗಲ್ವಾ? ಸಂಜೆಯೊಳಗೆ ಅದರ ನಗು ಸ್ವಲ್ಪ ಕಮ್ಮಿ ಮಾಡೋಕಾಗುತ್ತಾ? ಐದು ನಿಮಿಷದ ಕೆಲ್ಸ.”

ಆಗುವುದಿಲ್ಲ ಎಂದು ಕೈಮುಗಿದು ಹೇಳಿ ಅವನು ಫೋನಿಟ್ಟ. ಕೊಂಬಿನ ವಿಷಯ ಬಾಯಿಬಿಡಲು ಧೈರ್ಯ ಬರಲಿಲ್ಲ. ಕಿವಿಯಲ್ಲಿ ಕುರ್ಚಿ ‘ಕಿರ್ರ್’ ಅನ್ನುತ್ತಿತ್ತು. ಹೋಗಿ ಯಾರಿಗೂ ಗೊತ್ತಾಗದ ಹಾಗೆ ಆ ಕೊಂಬನ್ನು ಕತ್ತರಿಸಿ ಬರುವುದೊಂದೇ ದಾರಿ. ಉಬ್ಬಿದ ಅಕ್ಷರಗಳು ಫೋಮಿನವು, ಕಾಗದ ಕೊಯ್ಯುವ ಬ್ಲೇಡು ಸಾಕು. ಬ್ಲೇಡನ್ನು ಜೇಬಿಗೆ ಹಾಕಿಕೊಂಡು ಹೊರಟ.

ಹೊರಟನೆಂದರೆ ಹೊರಟ ಹಾಗಾಗಲಿಲ್ಲ. ಬಾಗಿಲು ತೆಗೆದರೆ ಮೇಲ್ಮನೆಯ ಆಂಟಿ ಬೀಗದ ಕೈ ಹಿಡಿದು ನಿಂತಿದ್ದರು.

“ಮನೇಲಿರೋರು ಹೊರಗೆ ಹೋಗ್ತಿದ್ದೀರಾ?” ಎಂದು ಅವರು ಗಾಬರಿಯಾದರು. ಗೋಡೆ ಎದ್ದು ನಡೆದಿದ್ದರೂ ಅಷ್ಟು ಗಾಬರಿಯಾಗುತ್ತಿರಲಿಲ್ಲ. “ಇವತ್ತು ವಾಷಿಂಗ್ ಮಷೀನಿನವನು ಬರ್ತಾನಲ್ಲಾ! ನೀವಿರ್ತೀರಾ ಅಂತಾನೇ ಇವತ್ತು ಕರೆಸಿದ್ದು.”

“ಆಂಟಿ, ಕೆಲಸದ ಮೇಲೆ ಹೋಗ್ತಿದ್ದೀನಿ.”

“ಕೆಲಸವಾ? ಯಾವಾಗ ಸೇರಿದ್ರಿ? ಒಳ್ಳೇದಾಯ್ತು ಬಿಡಿ, ಪಾಪ ನಿಮ್ಮ ಹೆಂಡ್ತಿ ಒಬ್ಬಳೇ ಕಷ್ಟ ಪಡ್ತಿದ್ಲು. ಆದ್ರೂ ಅವನು ಬಂದು ಹೋಗೋವರೆಗೆ ಇದ್ದು, ಆಮೇಲೆ ಸೇರ್ಕೋಬಾರದಾ?”

ವಾಷಿಂಗ್ ಮಷೀನಿನವನು ಬಂದಿದ್ದು ಎರಡೂವರೆಗೆ. ಕರೆಂಟಿಲ್ಲವೆಂದು ಬಂದ ದಾರಿಗೆ ಸುಂಕವಿಲ್ಲದೆ ಹೋದ. ಅವನು ಹೋಗುವಷ್ಟರಲ್ಲಿ ಎರಡು ಪಾರ್ಸೆಲ್, ಒಂದು ಗ್ಯಾಸ್ ಸಿಲಿಂಡರ್ ಬಂದು ಡಿಸೈನರನ ಮುಂಗೋಣೆ ಸೇರಿದವು. ನೆಲಮಹಡಿಯ ಅಜ್ಜಿಯ ಕನ್ನಡಕವೂ ಕಳೆದು ಸಿಕ್ಕಿತು. ಅವನು ರಸ್ತೆಗಿಳಿದಾಗ ಮೂರೂವರೆ. ಮೇಷ್ಟ್ರು ಛತ್ರಿ ಹಿಡಿದು ಹಿಂದೆಯೇ ಬಂದರು.

“ನೀವ್ಯಾಕೆ ಮೇಷ್ಟ್ರೇ, ಬಿಸಿಲಲ್ಲಿ?”

“ನಲವತ್ತು ವರ್ಷ ಕೆಂಪು ಶಾಯೀಲಿ ತಪ್ಪು ತಿದ್ದಿದ್ದೀನಿ. ಬ್ಲೇಡಲ್ಲಿ ತಿದ್ದೋದನ್ನ ಒಂದ್ಸಲ ನೋಡ್ಬೇಡವೇನೋ?”

ಡಿಸೈನರ್ ಆ ಕಟ್ಟಡವನ್ನು ಕಣ್ಣಾರೆ ಕಂಡಿದ್ದು ಅದೇ ಮೊದಲು. ಎಲ್ಲವೂ ಫೋನಿನಲ್ಲೇ ನಡೆದ ವ್ಯವಹಾರ. ಹೋಗಿ ನೋಡಿದರೆ ಒಂದಲ್ಲ, ಎರಡು ಅಂಗಡಿ. ಎಡಕ್ಕೊಂದು, ಬಲಕ್ಕೊಂದು ಷಟರು, ಎರಡೂ ಮುಚ್ಚಿವೆ. ಎರಡರ ಮೇಲೂ ಕಂದು ಕಾಗದ ಸುತ್ತಿದ ಒಂದೇ ಅಳತೆಯ ಬೋರ್ಡು, ಅವಳಿ ಮಕ್ಕಳ ಹಾಗೆ. ಬೋರ್ಡಿನವನು ‘ಎರಡೂ’ ಅಂದಿದ್ದರ ಅರ್ಥ ಆಗ ಹೊಳೆಯಿತು.

ಮೆಟ್ಟಿಲ ಮೇಲೆ ವಾಚ್‌ಮನ್ ಕೂತಿದ್ದ. ಅವನ ಒಂದು ಕೆನ್ನೆ ಬನ್ನಿನ ಹಾಗೆ ಊದಿತ್ತು. ಐದಾಗಲಿ, ಡಾಕ್ಟರ ಮೊದಲ ಗಿರಾಕಿ ತಾನೇ ಆಗುತ್ತೇನೆಂದು ಕಾಯುತ್ತಿದ್ದ. ಒಳಗೆಲ್ಲೋ ಬಡಗಿ ಡ್ರಿಲ್ ಹಾಕುತ್ತಿದ್ದ ಸದ್ದು ಬೇರೆ.

“ಹಲ್ಲಿನ ಅಂಗಡಿ ಬೋರ್ಡು ಯಾವ್ದಪ್ಪಾ?” ಎಂದು ಡಿಸೈನರ್ ಮೆಲ್ಲಗೆ ಕೇಳಿದ.

“ಹ್ಲ್ಲಿಂದಾ?” ಎಂದ ವಾಚ್‌ಮನ್ ಊದಿದ ಕೆನ್ನೆಯಿಂದ.

“ಹೂಂ, ಹಲ್ಲಿಂದು.”

“ಹ್ಲ್ಲಿಂದು ಎಡಗಡೆ” ಎಂದು ಅವನು ಕೈ ತೋರಿಸಿದ.

ಬಡಗಿಯ ಏಣಿ ಅಲ್ಲೇ ಇತ್ತು. ಮೇಷ್ಟ್ರು ಛತ್ರಿಯನ್ನು ಕಂಕುಳಲ್ಲಿಟ್ಟು ಏಣಿ ಹಿಡಿದು ಕಾವಲು ನಿಂತರು. ಡಿಸೈನರ್ ಏಣಿ ಹತ್ತಿ, ಎಡಗಡೆ ಬೋರ್ಡಿನ ಕಾಗದ ಹರಿಯದ ಹಾಗೆ ಕೆಳಗಿನಿಂದ ಕೈ ತೂರಿಸಿದ. ಏನೂ ಕಾಣುತ್ತಿರಲಿಲ್ಲ. ಕುರುಡನ ಹಾಗೆ ತಡವಿದ. ಮೊದಲಕ್ಷರ ಬೆರಳಿಗೆ ಸಿಕ್ಕಿತು. ತಲೆಕಟ್ಟು, ಹೊಟ್ಟೆ. ಹಕಾರವೇ. ಅದರ ಬಲಕ್ಕೆ ಕೈ ಜಾರಿತು. ಇತ್ತು! ಸುರುಳಿ ಸುತ್ತಿಕೊಂಡು ಭದ್ರವಾಗಿ ಕೂತಿತ್ತು. ಅದರಾಚೆಗೆ ಲಕಾರ, ಅದಕ್ಕೊಂದು ಒತ್ತು.

“ಇದೆ ಮೇಷ್ಟ್ರೇ, ಕೊಂಬಿದೆ.”

“ನಾನು ಹೇಳ್ಲಿಲ್ವಾ? ನನ್ನ ಕಣ್ಣು ತಪ್ಪೋದುಂಟಾ? ನೋಡ್ಕೊಂಡು ಕೊಯ್ಯಿ, ಲಕಾರದ ಕೊಂಬಿಗೆ ಕೈ ಹಾಕ್ಬೇಡ. ಅದು ನ್ಯಾಯವಾದ ಕೊಂಬು.”

ಆಗ ಅಂಗಿಯ ಮೇಲ್ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಒಂದು ಕೈ ಬೋರ್ಡಿನೊಳಗೆ, ಇನ್ನೊಂದು ಕೈಯಲ್ಲಿ ಬ್ಲೇಡು. ಗಲ್ಲದಲ್ಲಿ ಒತ್ತಿ ಹೇಗೋ ಮಾತಾಡಿದ. ಮೇಲ್ಮನೆಯ ಆಂಟಿ. ಕರೆಂಟು ಬಂತಂತೆ, ಮಷೀನಿನವನನ್ನು ಮತ್ತೆ ಕರೆಸಿದ್ದಾರಂತೆ, ಮನೇಲಿರೋರು ಎಲ್ಲಿದ್ದಾರಂತೆ.

“ಏಣಿ ಮೇಲಿದ್ದೀನಿ ಆಂಟಿ!”

“ಅಯ್ಯೋ, ಇಂಥಾ ಕೆಲಸಕ್ಕಾ ಸೇರಿದ್ದು?” ಎಂದು ಆಂಟಿ ನಿಟ್ಟುಸಿರಿಟ್ಟರು.

ಎರಡು ನಿಮಿಷದಲ್ಲಿ ಕೊಂಬು ಕಳಚಿ ಕೈಗೆ ಬಂತು. ನೋಡಿದರೆ ಹಸಿರು ಬಣ್ಣ! ಡಾಕ್ಟರ ಜೊತೆ ಗುದ್ದಾಡಿ ಆರಿಸಿದ್ದು ತಿಳಿನೀಲಿ. ಬೋರ್ಡಿನವನನ್ನು ಮನಸ್ಸಿನಲ್ಲೇ ಬೈದುಕೊಂಡ. ಪರದೆಯ ಮೇಲೆ ನೀಲಿಯಾಗಿದ್ದದ್ದು ಬೋರ್ಡಿಗೆ ಬರುವಾಗ ಹಸಿರಾಗುವುದು ಈ ಕಸುಬಿನಲ್ಲಿ ದಿನಾ ಇದ್ದದ್ದೇ. ಬಣ್ಣ ಏನಾದರೂ ಆಗಲಿ, ಮಾನ ಉಳಿಯಿತಲ್ಲ. ಕೊಂಬನ್ನು ಕರ್ಚೀಫಿನಲ್ಲಿ ಸುತ್ತಿ ಪ್ಯಾಂಟಿನ ಜೇಬಿಗೆ ಹಾಕಿ ಇಳಿದ.

ಐದು ಗಂಟೆಗೆ ನಲವತ್ತು ಐವತ್ತು ಜನ ಸೇರಿದರು. ಡಾಕ್ಟರು ಬಿಳಿ ಕೋಟು ಹಾಕಿಕೊಂಡು ಬಂದು ಡಿಸೈನರನ ಪರಿಚಯ ಮಾಡಿಕೊಂಡರು. ಹೆಂಡತಿ ಕೆಲಸ ಮುಗಿಸಿ ಬಂದಳು. ಮಾವ ಹೊಸ ಬಟ್ಟೆ ಹಾಕಿ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದರು. ತನ್ನ ಬೋರ್ಡು ನೋಡಲು ಇಷ್ಟು ಸಿಂಗಾರವೇ ಎಂದು ಡಿಸೈನರ್ ಉಬ್ಬಿಹೋದ. ಎಷ್ಟೆಂದರೂ ಮಾವನಲ್ಲವೇ ಅನ್ನಿಸಿತು.

ಡಾಕ್ಟರು ನೆಟ್ಟಗೆ ಹೋಗಿ ಬಲಗಡೆ ಬೋರ್ಡಿನ ದಾರ ಎಳೆದರು.

ಕಾಗದ ಸರ್ರನೆ ಕಳಚಿಬಿತ್ತು. ತಿಳಿನೀಲಿ ಅಕ್ಷರದಲ್ಲಿ ‘ಹಲ್ಲು ನಿಮ್ಮದು, ಹೊಣೆ ನಮ್ಮದು’. ಹಕಾರ ಹಕಾರವಾಗಿಯೇ ಇತ್ತು. ಕೊಂಬಿಲ್ಲ, ಕೊಯ್ದ ಗುರುತೂ ಇಲ್ಲ. ಪಕ್ಕದಲ್ಲಿ ಹಲ್ಲು, ಡಾಕ್ಟರ ಮನೆಯವರಿಗೆ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ನಗುತ್ತಿತ್ತು. ಜನ ಚಪ್ಪಾಳೆ ತಟ್ಟಿದರು. “ಏನ್ ಚೆನ್ನಾಗಿದೆ ರೀ, ಯಾರು ಮಾಡಿದ್ದು?” ಎಂದು ಯಾರೋ ಕೇಳಿಯೂ ಕೇಳಿದರು. “ಇವರೇ!” ಎಂದು ಡಾಕ್ಟರು ಡಿಸೈನರನ ಭುಜ ಹಿಡಿದು ಮುಂದಕ್ಕೆ ತಳ್ಳಿದರು.

ಮಾವ ಬೋರ್ಡನ್ನು ಮೇಲಿಂದ ಕೆಳಗೆ ನೋಡಿದರು. ಜನರನ್ನು ನೋಡಿದರು. ಅಳಿಯನನ್ನೂ ನೋಡಿದರು, ಬಹುಶಃ ಮೊದಲ ಸಲ ಸರಿಯಾಗಿ. ಆಮೇಲೆ ಬೆನ್ನು ತಟ್ಟಿದರು.

“ನಾನೇ ಸೋತೆ ಅಳಿಯಂದ್ರೇ. ನಿಮ್ಮ ಕೈಯಲ್ಲಿ ಕೆಲ್ಸ ಇದೆ. ಇನ್ಮೇಲೆ ಕುರ್ಚಿ ಮಾತಾಡಲ್ಲ. ಬೇರೆ ಯಾರನ್ನಾದ್ರೂ ನೋಡ್ಕೋತೀನಿ.”

ಹೆಂಡತಿಯ ಕಣ್ಣಲ್ಲಿ ನೀರಾಡಿತು. ಆ ಕ್ಷಣಕ್ಕಾಗಿ ಡಿಸೈನರ್ ಮೂರು ವರ್ಷ ಕಾದಿದ್ದ. ಆದರೆ ಅವನು ಅತ್ತ ನೋಡುತ್ತಲೇ ಇರಲಿಲ್ಲ. ಜೇಬಿನೊಳಗೆ ಕೈ ಹಾಕಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಹಾಗಾದರೆ ಇದು ಯಾರ ಕೊಂಬು?

“ಬನ್ನಿ, ಈಗ ನಂದು” ಎಂದರು ಮಾವ ಅವನ ಕೈ ಹಿಡಿದು.

“ನಿಮ್ದು... ಏನು ಮಾವಾ?”

ಹೆಂಡತಿ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು: “ಬೇಜಾರು ಮಾಡ್ಕೋಬೇಡಿ ರೀ. ಅಪ್ಪ ಅಂಗಡೀನ ಇಲ್ಲಿಗೆ ತಂದಿದ್ದಾರೆ. ಈಗ ಕುಂಡದ ಜೊತೆಗೆ ಇನ್ನೊಂದು ವ್ಯಾಪಾರ. ಬೋರ್ಡು ನಿಮ್ಮ ಕೈಲಿ ಮಾಡಿಸಿಲ್ಲ ಅಂತ ನಿಮಗೆ ನೋವಾಗುತ್ತೆ ಅಂತ ನಾನೇ ಹೇಳಿರ್ಲಿಲ್ಲ.”

ಮಾವ ಎಡಗಡೆ ಬೋರ್ಡಿನ ಕೆಳಗೆ ನಿಂತು ಗಂಟಲು ಸರಿಪಡಿಸಿಕೊಂಡು ದಾರ ಎಳೆದರು.

ಹಚ್ಚ ಹಸಿರು ಅಕ್ಷರದಲ್ಲಿ ‘ಹಲ್ಲುಹಾಸು’ ಎಂದಿತ್ತು. ಅದರ ಕೆಳಗೆ ಸಣ್ಣದಾಗಿ: ‘ನಿಮ್ಮ ಮನೆಗೇ ಬಂದು ಅಳತೆಗೆ ತಕ್ಕಂತೆ ಹಾಸಿಕೊಡುತ್ತೇವೆ. ತಿಂಗಳಿಗೊಮ್ಮೆ ಯಂತ್ರದಿಂದ ಕತ್ತರಿಸುತ್ತೇವೆ.’

ಹಿಂದಿನಿಂದ ಯಾರೋ, “ಸರಿಯಾಗಿದೆ ಬಿಡ್ರೀ, ಆ ಅಂಗಡೀಲಿ ಕಿತ್ತಿದ್ದನ್ನ ಈ ಅಂಗಡೀಲಿ ಹಾಸ್ತಾರೆ” ಅಂದರು. ಅಲ್ಲಿಗೆ ಕಟ್ಟೆ ಒಡೆಯಿತು. ಜನ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ವಾಚ್‌ಮನ್ ನಗಲು ಹೋಗಿ ಕೆನ್ನೆ ಹಿಡಿದುಕೊಂಡು “ಅಯ್ಯಮ್ಮಾ” ಎಂದು ಕೂತುಬಿಟ್ಟ. ಡಾಕ್ಟರು ಮಾತ್ರ ಯಂತ್ರದಿಂದ ಕತ್ತರಿಸುವ ಸಾಲನ್ನು ಎರಡೆರಡು ಸಲ ಓದಿದರು.

ಮಾವನ ಮುಖ ಕುಂಡದ ಬಣ್ಣಕ್ಕೆ ತಿರುಗಿತು. “ಬೆಳಿಗ್ಗೆ ಶೆಡ್ಡಲ್ಲಿ ನಾನೇ ನೋಡಿದ್ದೀನಿ. ಹುಲ್ಲುಹಾಸು ಅಂತ ಸರಿಯಾಗಿತ್ತು!”

ಮೇಷ್ಟ್ರಿಗೆ ತಡೆದುಕೊಳ್ಳಲಾಗಲಿಲ್ಲ. ಛತ್ರಿ ಎತ್ತಿ ಬೋರ್ಡಿಗೆ ತೋರಿಸಿ, ತರಗತಿಯಲ್ಲಿ ಹೇಳುವಂತೆ ಹೇಳಿದರು: “ಇಲ್ಲಿ ಹಕಾರಕ್ಕೆ ಕೊಂಬು ಬೇಕಿತ್ತು ನೋಡಿ. ಯಾರೋ ಕೊಯ್ದಿದ್ದಾ...” ಅಷ್ಟು ಹೊತ್ತಿಗೆ ಅವರಿಗೂ ಅರ್ಥವಾಯಿತು. ಛತ್ರಿ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದುಕೊಂಡರು.

ಡಿಸೈನರನ ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಏನು ಮಾಡುತ್ತಿದ್ದೇನೆಂಬ ಅರಿವಿಲ್ಲದೆ, ಒರೆಸಿಕೊಳ್ಳಲು ಜೇಬಿನಿಂದ ಕರ್ಚೀಫು ಎಳೆದ.

ಹಚ್ಚ ಹಸಿರು ಕೊಂಬು ನೆಲಕ್ಕೆ ಬಿದ್ದು, ಎರಡು ಸುತ್ತು ಉರುಳಿ, ಮಾವನ ಹೊಸ ಚಪ್ಪಲಿಗೆ ತಾಗಿ ನಿಂತಿತು.

ಮಾವ ನಿಧಾನವಾಗಿ ಬಗ್ಗಿ ಅದನ್ನು ಎತ್ತಿಕೊಂಡರು. ಬೋರ್ಡಿನ ಕಡೆ ಹಿಡಿದು ನೋಡಿದರು. ಆಮೇಲೆ ಅಳಿಯನ ಕಡೆ ಹಿಡಿದು ನೋಡಿದರು.

“ನಿಮಗೇನು ಎರಡು ಕೊಂಬಿದೆಯಾ ಅಂತ ಇಷ್ಟು ದಿನ ಸುಮ್ನೆ ಕೇಳ್ತಿದ್ದೆ ಅಳಿಯಂದ್ರೇ” ಎಂದರು. “ಒಂದಂತೂ ಇದೆ.”

ಡಿಸೈನರ್ ಮೇಷ್ಟ್ರ ಕಡೆ ನೋಡಿದ. ಛತ್ರಿ ಇನ್ನೂ ಅಡ್ಡವೇ ಇತ್ತು.

“ನಾಳೆ ಬೆಳಿಗ್ಗೆ ಎಂಟಕ್ಕೆ ಕುರ್ಚಿ ಕಾಯ್ತಿರುತ್ತೆ” ಎಂದು ಮಾವ ಕೊಂಬನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. “ಬರೋವಾಗ ಗೋಂದು ತನ್ನಿ.”